ಬೋಗುಣಿಯ ಒಳಮೈ

ಒಳಮೈ ಕೆರೆಯಬೇಕಿತ್ತು, ಕೆರೆಯಲಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಹೀಗೆ ಬಾಗಿಲಲ್ಲೇ ತಪ್ಪು ಒಪ್ಪಿಕೊಂಡವರನ್ನು ಕಂಡರೆ ಜನಕ್ಕೆ ಕನಿಕರ ಹುಟ್ಟುತ್ತದಂತೆ. ನನಗೆ ಕನಿಕರ ಬೇಡ. ನಾನು ಮಾಡಿದ ತಪ್ಪು ಯಾವುದೋ ಅದನ್ನು ನನ್ನ ತಲೆಯ ಮೇಲೆ ಹೊರಿಸಿ, ಹೊರುತ್ತೇನೆ. ಅದರ ಜೊತೆಗೆ ಊರವರು ತಂದಿಟ್ಟ ಇನ್ನೊಂದು ತಪ್ಪನ್ನು ಅಂದೂ ಹೊರಲಿಲ್ಲ, ಇಂದೂ ಹೊರುವುದಿಲ್ಲ. ಇಷ್ಟು ಕರಾರು ಮಾಡಿಕೊಂಡೇ ಬರೆಯಲು ಕೂತಿದ್ದೇನೆ. ಮುಲ್ಕಿ ಪರೀಕ್ಷೆಗೆ ಎರಡು ವರ್ಷ ಇರುವಾಗಲೇ ಶಾಲೆ ಬಿಟ್ಟವಳು ನಾನು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ಕರಾರನ್ನು ಮಾತ್ರ ತಿದ್ದಬೇಡಿ.

ಕೆರೆಯಬೇಕಾಗಿದ್ದದ್ದು ಒಂದು ಬೋಗುಣಿಯ ಒಳಮೈ. ಪಲ್ಯ ಮಾಡುವ ಬೋಗುಣಿಯಲ್ಲ, ಹುಲ್ಲು ಕತ್ತರಿಸುವ ಬೋಗುಣಿ. ನಮ್ಮ ಹತ್ತಿಮತ್ತೂರಿನಿಂದ ಸವಣೂರಿಗೆ ಹೋಗುವ ದಾರಿಯಲ್ಲಿ ಒಬ್ಬ ನಿವೃತ್ತ ಇಂಜಿನಿಯರ್ ಸಾಹೇಬರ ಬಂಗಲೆಯಿತ್ತು. ಧಾರವಾಡ ಸೀಮೆ ಮುಂಬೈ ಇಲಾಖೆಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕಾರು ವರ್ಷವಾಗಿತ್ತು, ಅಷ್ಟೇ. ಸಾಹೇಬರು ಪರದೇಶದಿಂದ ಒಂದು ಸಣ್ಣ ಟ್ರ್ಯಾಕ್ಟರ್ ತರಿಸಿದ್ದರು. ಅದರ ಎತ್ತರ ಒಂದು ಹೋರಿಕರುವಿನಷ್ಟು. ಜನ ಅದನ್ನು ಮರಿ ಟ್ರ್ಯಾಕ್ಟರ್ ಎನ್ನುತ್ತಿದ್ದರು. ಅದರ ಹೊಟ್ಟೆಯ ಕೆಳಗೆ, ನಾಲ್ಕು ಕೊಂಡಿಗಳಿಂದ, ಅಗಲವಾದ ಕಬ್ಬಿಣದ ಬೋಗುಣಿಯೊಂದು ಕವುಚಿಕೊಂಡು ತೂಗುತ್ತಿತ್ತು. ಒಳಗೆ ಎರಡು ಅಲಗುಗಳು ಗಿರಗಿರನೆ ತಿರುಗಿ ಹುಲ್ಲನ್ನು ಕತ್ತರಿಸಿ ಪಕ್ಕದ ಬಾಯಿಯಿಂದ ಉಗುಳುತ್ತಿದ್ದವು. ದನ ತಿನ್ನದ ಹುಲ್ಲನ್ನು ಬರಿಯ ಚಂದಕ್ಕಾಗಿ ಬೆಳೆಸುವುದು, ಬೆಳೆದದ್ದನ್ನು ಕತ್ತರಿಸಲು ಯಂತ್ರ ತರಿಸುವುದು, ಇದನ್ನು ನೋಡಲು ಹತ್ತಿಮತ್ತೂರಿನ ಅರ್ಧ ಊರು ಬುತ್ತಿ ಕಟ್ಟಿಕೊಂಡು ಹೋಗಿತ್ತು.

ನನ್ನ ಅಣ್ಣ ಯಲ್ಲಪ್ಪ ಆ ಬಂಗಲೆಯಲ್ಲಿ ಮಾಲಿ. ಯಂತ್ರ ಅವನ ಕೈಗೆ ಹೇಗೆ ಒಗ್ಗಿತೋ ದೇವರೇ ಬಲ್ಲ. ಸದ್ದು ಕೇಳಿಯೇ ಯಾವ ನಟ್ಟು ಸಡಿಲಾಗಿದೆ ಎನ್ನುತ್ತಿದ್ದ. ಸಾಹೇಬರು ಮಗನ ಜೊತೆ ಇರಲು ಪುಣೆಗೆ ಹೋಗುವಾಗ ಬಂಗಲೆ ಮಾರಿದರು, ಯಂತ್ರವನ್ನು ಮಾತ್ರ ಮಾರದೆ ಅಣ್ಣನ ಕೈಗೆ ಕೊಟ್ಟರು. "ಇದರ ಮಾತು ನಿನಗ ತಿಳೀತೈತಿ, ನೀನ ಇಟಗೊ" ಎಂದರಂತೆ. ಅಂದಿನಿಂದ ಅಣ್ಣ ಸವಣೂರಿನ ಶಾಲೆಯ ಬಯಲು, ಶಿಗ್ಗಾವಿಯ ಕಚೇರಿಗಳ ಅಂಗಳ, ಬಂಕಾಪುರದ ಬಂಗಲೆ ಎಂದು ಹುಲ್ಲು ಕತ್ತರಿಸುತ್ತಾ ತಿರುಗತೊಡಗಿದ. ಊರಿಂದ ಊರಿಗೆ ಹೋಗುವಾಗ ಎತ್ತಿನ ಗಾಡಿಗಳು ಅವನನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಗಾಡಿಯವರು ಹಿಂತಿರುಗಿ, "ಏ ಯಲ್ಲಪ್ಪಾ, ನಿನ್ನ ಕುದರೀಗೆ ಹುರಳಿ ಹಾಕಿಲ್ಲೇನೋ?" ಎಂದು ಕೇಳಿದರೆ ಇವನು, "ಹಾಕೇನಿ, ನಿನ್ನ ಎತ್ತು ನೋಡಿ ನಾಚಿಕೊಂಡೈತಿ" ಎನ್ನುತ್ತಿದ್ದ. ಅಷ್ಟು ಹಿಗ್ಗು ಅವನಿಗೆ. ಅವನ ಹಿಗ್ಗನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ: ಆಮೇಲೆ ಅದು ಹೋಯಿತು, ಹೋಗಲು ನಾನು ಕಾರಣ.

ಹುಲ್ಲು ಕತ್ತರಿಸುವ ಬೋಗುಣಿಗೆ ಒಂದು ಕಾಯಿಲೆಯಿದೆ. ಮಳೆಗಾಲದ ಹಸಿ ಹುಲ್ಲು ಅದರ ಒಳಮೈಗೆ ಅಂಟಿಕೊಳ್ಳುತ್ತದೆ. ದಿನಕ್ಕೆ ಒಂದು ಎಳೆಯಷ್ಟು. ಹುಲ್ಲಿನ ರಸ, ಕೆಸರು, ಧೂಳು ಎಲ್ಲ ಸೇರಿ ಶ್ರಾವಣ ಮುಗಿಯುವ ಹೊತ್ತಿಗೆ ಸಗಣಿಯ ಕುಳ್ಳು ತಟ್ಟಿದಂತೆ ದಪ್ಪ ಪದರ ಕಟ್ಟುತ್ತದೆ. ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ, ಹಸಿರು ಬಣ್ಣ ಹೊಳೆಯುತ್ತಿರುತ್ತದೆ. ತುಕ್ಕಿನ ವಿಷಯ ಸಾಹೇಬರು ಅಣ್ಣನಿಗೆ ಹೇಳಿದ್ದರು, ಅಣ್ಣ ನನಗೆ ಹೇಳಿದ್ದ. ಕಬ್ಬಿಣ ಮಣ್ಣಿನಿಂದ ಬಂದದ್ದಂತೆ, ಸಿಕ್ಕಿದ ಸಂದಿನಲ್ಲಿ ಮತ್ತೆ ಮಣ್ಣಾಗಲು ನೋಡುತ್ತದಂತೆ. ಇದನ್ನು ನಾನು ನನ್ನ ರೀತಿಯಲ್ಲಿ ತಿಳಿದುಕೊಂಡೆ. ಕಬ್ಬಿಣಕ್ಕೆ ಮಣ್ಣು ತವರು. ನೀರು ಅಂದರೆ ಪಂಚಮಿಗೆ ಕರೆಯಲು ಬಂದ ಅಣ್ಣ. ಬಣ್ಣ ಅಂದರೆ ಬಾಗಿಲಲ್ಲಿ ಕೂತ ಅತ್ತೆ, "ಈಗ ಕಳಸಾಕ ಆಗೂದಿಲ್ಲ, ದೀಪಾವಳಿಗೆ ಬರ್ರಿ" ಎಂದು ತಿರುಗಿಸಿ ಕಳಿಸುವವಳು. ಅತ್ತೆ ಎಷ್ಟು ದಿನ ಕಣ್ಣು ಮುಚ್ಚದೆ ಕೂತಾಳು? ಆದ್ದರಿಂದ ವರ್ಷಕ್ಕೊಮ್ಮೆ ಬೋಗುಣಿಯನ್ನು ಬಿಚ್ಚಿ, ಕವುಚಿದ್ದನ್ನು ಅಂಗಾತ ಮಾಡಿ, ಒಳಗಿನ ಪದರವನ್ನೆಲ್ಲ ಕೆರೆದು, ಕಬ್ಬಿಣ ಬೆಳ್ಳಗೆ ಕಾಣುವವರೆಗೆ ತಂತಿಯ ಬ್ರಷ್ಷಿನಿಂದ ತಿಕ್ಕಿ, ಚಿಮಣಿ ಎಣ್ಣೆಯಲ್ಲಿ ಒರೆಸಿ, ಕೆಂಪು ಅಸ್ತರು ಬಳಿದು, ಅದು ಒಣಗಿದ ಮೇಲೆ ಬಣ್ಣ ಬಳಿಯಬೇಕು. ನಮ್ಮಲ್ಲಿ ಖಂಡೆ ಪೂಜೆಗೆ ಎಲ್ಲರೂ ಆಯುಧ, ಸಲಕರಣೆ ತೊಳೆದು ಪೂಜಿಸುತ್ತಾರಲ್ಲ, ಅಣ್ಣ ಈ ಕೆಲಸವನ್ನು ಆ ಹಬ್ಬಕ್ಕೆ ಜೋಡಿಸಿಕೊಂಡಿದ್ದ.

ಆ ವರ್ಷ ಹಬ್ಬಕ್ಕೆ ಮೂರು ದಿನ ಮೊದಲು ಅವನು ಯಂತ್ರದ ರಬ್ಬರ್ ಪಟ್ಟಾ ತರಲು ಹುಬ್ಬಳ್ಳಿಗೆ ಹೋಗಬೇಕಾಯಿತು. ನಾನು ಅದೇ ದಿನ ಹೊರಗಾಗಿದ್ದೆ. ಅವ್ವ ಅಪ್ಪ ನಾವು ಸಣ್ಣವರಿರುವಾಗಲೇ ತೀರಿಕೊಂಡಿದ್ದರು, ನಮ್ಮನ್ನು ಸಾಕಿದವಳು ಅಪ್ಪನ ಅಕ್ಕ. ಅತ್ತಿ ಎಂದು ಕರೆಯುತ್ತಿದ್ದೆವು. ಅತ್ತಿಯ ರಾಜ್ಯದಲ್ಲಿ ಹೊರಗಾದವಳು ಮೂರು ದಿನ ಅಡಿಗೆಮನೆಗೆ ಹೋಗುವಂತಿಲ್ಲ, ಕುಡಿಯುವ ನೀರಿನ ಕೊಡ ಮುಟ್ಟುವಂತಿಲ್ಲ, ಹಿತ್ತಿಲ ಕಟ್ಟೆಯೇ ಗತಿ. ಹದಿನೆಂಟು ವರ್ಷದ ಹುಡುಗಿ ಮೂರು ದಿನ ಸುಮ್ಮನೆ ಕೂತಿರುವುದನ್ನು ನೋಡಿ ಅಣ್ಣನಿಗೆ ಉಪಾಯ ಹೊಳೆಯಿತು.

"ಗಂಗೀ, ಹೆಂಗೂ ಖಾಲಿ ಕುಂತೀದಿ. ಬೋಗುಣಿ ಬಿಚ್ಚಿ ಇಟ್ಟೇನಿ. ನೀನ ಕೆರದು ಬಣ್ಣ ಬಳಿ."

"ಅಯ್ಯ! ಮೈಲಿಗ್ಯಾಗ ಖಂಡೆ ಪೂಜಿ ಸಾಮಾನು ಮುಟ್ಟಸ್ತೀ ಏನೋ?" ಎಂದು ಅತ್ತಿ ಒಳಗಿಂದಲೇ ಕೂಗಿದಳು.

"ಕಬ್ಬಿಣಕ್ಕ ಏನ್ ಗೊತ್ತಾಕ್ಕೈತಿ ಬಿಡ ಅತ್ತಿ, ಮುಟ್ಟಿದಾಕಿ ಹೊರಗ ಅದಾಳೋ ಒಳಗ ಅದಾಳೋ ಅಂತ" ಎಂದು ಅಣ್ಣ ನಕ್ಕ. ಹೋಗುವಾಗ ಮತ್ತೆ ನನ್ನ ಕಡೆ ತಿರುಗಿ ಹೇಳಿದ: "ಒಳಗಿಂದು ಮೊದಲ ಕೆರಿ. ಹೊರಗಿಂದು ಆಮ್ಯಾಲೆ. ಚಂದ ಕಾಣೂದು ಕಡೀಕ ಇರಲಿ."

ನಾನು ಹೊರಗಿನದನ್ನು ಮೊದಲು ಹಿಡಿದೆ. ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳುವುದಿಲ್ಲ, ಉತ್ತರ ನನಗೆ ಗೊತ್ತು. ಹುಟ್ಟಿದಾಗಿನಿಂದ ನೆಲಕ್ಕೆ ಸಗಣಿ, ಗೋಡೆಗೆ ಸುಣ್ಣ, ಹೊಸ್ತಿಲಿಗೆ ಕೆಮ್ಮಣ್ಣು ಬಳಿದ ಕೈಗೆ ಡಬ್ಬಿಯ ಎಣ್ಣೆಬಣ್ಣ ಮೊದಲ ಸಲ ಸಿಕ್ಕಿತ್ತು. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿಯುವುದು ಗಂಡಸರ ಕೆಲಸ, ನಮಗೆ ದೂರದಿಂದ ನೋಡುವ ಭಾಗ್ಯ ಮಾತ್ರ. ಎರಡು ದಿನ ಆ ಬೋಗುಣಿಯ ಬೆನ್ನನ್ನು ಮದುಮಗಳಿಗೆ ಅರಿಸಿನ ಹಚ್ಚಿದ ಹಾಗೆ ಹಚ್ಚಿದೆ. ಹಸಿರು ಬಳಿದು, ಅಂಚಿಗೆ ಹಳದಿ ಗೆರೆ ಎಳೆದೆ. ಗೆರೆ ನೆಟ್ಟಗೆ ಬರಲಿಲ್ಲವೆಂದು ಅಳಿಸಿ ಮತ್ತೆ ಎಳೆದೆ. ಅಣ್ಣ ಹೇಳದಿದ್ದರೂ ಮುಂದುಗಡೆ ಎರಡು ಹೂವು ಬರೆದೆ. ನೆನೆದರೆ ಈಗಲೂ ನಗು ಬರುತ್ತದೆ: ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಹೂವು!

ಮೂರನೆಯ ದಿನ ಅದನ್ನು ಅಂಗಾತ ಮಾಡಿದೆ. ಒಳಗಿನ ಪದರ ಎರಡು ದಿನದ ಬಿಸಿಲಿಗೆ ಕಲ್ಲಾಗಿತ್ತು. ಕಳೆ ತೆಗೆಯುವ ಕುರ್ಚಿಗಿಯಿಂದ ಕೆರೆದೆ. ನಡುಭಾಗದ್ದು ಹೆಂಟೆಹೆಂಟೆಯಾಗಿ ಎದ್ದು ಬಂತು. ಮೂಲೆಗಳಲ್ಲಿ, ಕೊಂಡಿಗಳನ್ನು ಬಿಗಿದ ಜಾಗದಲ್ಲಿ, ಕುರ್ಚಿಗಿ ಜಾರಿ ನನ್ನ ಬೆರಳನ್ನೇ ಕೊಯ್ದಿತು. ಮಧ್ಯಾಹ್ನ ದಾಟಿತು. ಮರುದಿನ ಬೆಳಗ್ಗೆ ತಲೆಗೆ ನೀರು ಹಾಕಿಕೊಂಡರೆ ಅತ್ತಿ ನನ್ನನ್ನು ಹೋಳಿಗೆಗೆ ಹೂರಣ ರುಬ್ಬಲು ಕೂರಿಸುತ್ತಾಳೆ, ಸಂಜೆ ಪೂಜೆ. ಆಗ ನನ್ನ ಕೈ ತನಗೆ ತಿಳಿದ ಕೆಲಸವನ್ನು ತಾನೇ ಮಾಡಿತು. ತಪ್ಪನ್ನು ಕೈಯ ಮೇಲೆ ಹಾಕುತ್ತಿಲ್ಲ, ಕೈ ನನ್ನದೇ. ಮೂಲೆಗಳ ಪದರಕ್ಕೆ ನೀರು ಚಿಮುಕಿಸಿ, ಸ್ವಲ್ಪ ಜಿಗುಟು ಮಣ್ಣು ಸೇರಿಸಿ, ನೆಲ ಸಾರಿಸುವ ಹಾಗೆ ಅಂಗೈಯಿಂದ ನುಣ್ಣಗೆ ಸಾರಿಸಿಬಿಟ್ಟೆ. ಏರಿಳಿತ ಹೋಯಿತು. ಸಂಜೆ ಅದರ ಮೇಲೆ ಅಸ್ತರು, ಅಸ್ತರಿನ ಮೇಲೆ ಕಪ್ಪು ಬಣ್ಣ. ನಮ್ಮ ಮನೆಯ ಪಡಸಾಲೆಯ ನೆಲ ಅಷ್ಟು ಚಂದ ಕಾಣುತ್ತಿರಲಿಲ್ಲ. ಕಬ್ಬಿಣವನ್ನು ಸಾರಿಸಿ ಅಣಿಮಾಡಿದವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಕಪಟ ಅಲ್ಲಿಗೆ ನಿಲ್ಲಲಿಲ್ಲ. ಬೆಳಗ್ಗೆ ಬೆರಳಿಟ್ಟರೆ ಮೂಲೆಗಳು ಇನ್ನೂ ಮೆತ್ತಗಿದ್ದವು. ಅಣ್ಣ ಯಾವ ಹೊತ್ತಿನಲ್ಲಾದರೂ ಬರುವವನು. ನಾನು ಸ್ನಾನ ಮಾಡಿದವಳೇ ಬೋಗುಣಿಯನ್ನು ಕಟ್ಟೆಯ ಮೇಲೆ ಕವುಚಿ ಇಟ್ಟು, ಭಂಡಾರ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿಬಿಟ್ಟೆ. ಪೂಜೆಗೆ ಕೂತ ಸಲಕರಣೆಯನ್ನು ಮರುದಿನ ಸಂಜೆ ದಸರೆಯ ಬನ್ನಿ ಎಲೆ ಕೊಟ್ಟು ತೆಗೆದುಕೊಳ್ಳುವವರೆಗೆ ಅಲುಗಾಡಿಸಬಾರದು ಎಂಬುದು ನಮ್ಮಲ್ಲಿ ಚಿಕ್ಕವರಿಗೂ ಗೊತ್ತು. ಅಣ್ಣ ಬಂದ, ಹೂವು ನೋಡಿದ, ಹಿಗ್ಗಿದ, ಕೈ ಮುಗಿದ. ಮರುದಿನ ಸಂಜೆಯವರೆಗೂ ಅದನ್ನು ಮುಟ್ಟಲಿಲ್ಲ. ಬನ್ನಿ ಮುಗಿಸಿ ಬೋಗುಣಿ ತಿರುವಿ ನೋಡುವಾಗ ಎಲ್ಲ ಗಟ್ಟಿಯಾಗಿತ್ತು. ಒಳಗೆ ಅಂಗೈ ಆಡಿಸಿ, "ಎಷ್ಟು ನುಣ್ಣಗ ಮಾಡೀಯಲ್ಲ ತಂಗೀ! ನನಗೂ ಹಿಂಗ ಬರೂದಿಲ್ಲ" ಎಂದ. ಸವಣೂರಿನಿಂದ ನನಗೆಂದು ಖಾರದ ತಿಂಡಿಯ ಪೊಟ್ಟಣ ತಂದುಕೊಟ್ಟ. ಅದನ್ನು ತಿಂದೆ. ರುಚಿಯಾಗಿಯೇ ಇತ್ತು ಎಂಬುದನ್ನೂ ಹೇಳಿಬಿಡಬೇಕು. ತಪ್ಪು ಮಾಡಿದವರ ಬಾಯಿಗೆ ಎಲ್ಲವೂ ಕಹಿಯಾಗುತ್ತದೆ ಎನ್ನುವವರು ಸವಣೂರ ಖಾರ ತಿಂದವರಲ್ಲ.

ನನ್ನ ಸಾರಣೆಯ ಒಳಗೆ ನೀರು ಹತ್ತು ತಿಂಗಳು ಕೂತಿತ್ತು. ಮರುವರ್ಷದ ಶ್ರಾವಣದಲ್ಲಿ, ಬಂಕಾಪುರದ ಬಂಗಲೆಯ ಅಂಗಳದಲ್ಲಿ, ಎಡಗಡೆಯ ಕೊಂಡಿಯಿದ್ದ ಮೂಲೆ ಹರಿದು ಬೋಗುಣಿ ನೆಲಕ್ಕೆ ಬಡಿಯಿತು. ತಿರುಗುತ್ತಿದ್ದ ಅಲಗು ಕಲ್ಲಿಗೆ ತಾಗಿ ಮುರಿದು, ಅದರ ಚೂರು ಹರಿದ ಜಾಗದಿಂದ ಮೇಲೆ ಚಿಮ್ಮಿ ಅಣ್ಣನ ಎಡಗಾಲಿನ ಹಿಮ್ಮಡಿಯ ನರವನ್ನು ಕತ್ತರಿಸಿತು. ಅವನನ್ನು ಹುಬ್ಬಳ್ಳಿಗೆ ಒಯ್ದರು. ಯಂತ್ರವನ್ನು ಎತ್ತಿನ ಗಾಡಿಗೆ ಕಟ್ಟಿ ಮನೆಗೆ ಎಳೆತಂದರು.

ಹಿತ್ತಿಲಲ್ಲಿ ಒಬ್ಬಳೇ ಆ ಬೋಗುಣಿಯನ್ನು ಅಂಗಾತ ಮಾಡಿದೆ. ಹರಿದ ಮೂಲೆಯ ಬಣ್ಣ ಹಪ್ಪಳದಂತೆ ಎದ್ದಿತ್ತು. ಅದರ ಕೆಳಗೆ ನಾನು ಸಾರಿಸಿದ ಮಣ್ಣು, ಮಣ್ಣಿನಲ್ಲಿ ನನ್ನ ನಾಲ್ಕು ಬೆರಳಿನ ಗುರುತು. ಅದರ ಕೆಳಗೆ ಕಬ್ಬಿಣವಿರಲಿಲ್ಲ. ಸೀದ ರೊಟ್ಟಿಯ ಅಂಚಿನ ಹಾಗೆ ಕಂದು ಬಣ್ಣದ ಪುಡಿ ಉದುರಿತು. ಅಣ್ಣ ಹುಬ್ಬಳ್ಳಿಯಲ್ಲಿ ಮಲಗಿದ್ದ. ನಾನು ಕುರ್ಚಿಗಿ ತಂದು ಕೂತು, ನಾಲ್ಕೂ ಮೂಲೆಗಳನ್ನು ಚೊಕ್ಕಟವಾಗಿ ಕೆರೆದುಬಿಟ್ಟೆ. ಬೆರಳಿನ ಗುರುತು ಉಳಿಯದ ಹಾಗೆ. ಹತ್ತು ತಿಂಗಳ ಹಿಂದೆ ಮಾಡಬೇಕಾಗಿದ್ದ ಕೆಲಸ ಒಂದು ತಾಸಿನಲ್ಲಿ ಮುಗಿಯಿತು. ಬೆರಳೂ ಕೊಯ್ದುಕೊಳ್ಳಲಿಲ್ಲ.

ಇಲ್ಲಿಯವರೆಗಿನದು ನನ್ನ ತಪ್ಪು. ಇನ್ನು ಊರಿನ ತಪ್ಪು ಕೇಳಿ. ಅಣ್ಣ ಕುಂಟುತ್ತಾ ಮನೆಗೆ ಬಂದ ವಾರವೇ ಅತ್ತಿ ಓಣಿಯ ಕಟ್ಟೆಯ ಮೇಲೆ ಹತ್ತು ಜನರ ಎದುರು ಹೇಳಿದಳು: "ಮುಟ್ಟಾದಾಕಿ ಮುಟ್ಟಿದ ಕಬ್ಬಿಣ. ಅದು ಕಾಲು ತಿಂತು. ನಾ ಅವತ್ತ ಹೇಳಿದ್ನಿ." ಓಣಿ ಹೌದೆಂದಿತು. ನೀರಿಗೆ ಹೋದರೆ ಹೆಂಗಸರು ಕೊಡ ದೂರ ಸರಿಸುತ್ತಿದ್ದರು. ನನಗೆ ಸಿಟ್ಟು ಬಂತು. ಎಂಥ ಸಿಟ್ಟು! ಅದೇ ಕಟ್ಟೆಯ ಮುಂದೆ ನಿಂತು ಕೂಗಿದೆ: "ಕಬ್ಬಿಣ ನೀರಿಗೆ ತುಕ್ಕು ಹಿಡೀತೈತಿ, ನನ್ನ ಮೈಗೆ ಅಲ್ಲ! ಮುಟ್ಟಾದಾಕಿ ಮುಟ್ಟಿದ್ದೆಲ್ಲಾ ಮುರೀತಿದ್ರ ನಿಮ್ಮ ಹೊಲದಾಗ ಒಂದು ಕುಡಗೋಲು ಉಳೀತಿರಲಿಲ್ಲ. ಕಳೆ ತಗಿಯೂ ಹೊತ್ತಿನ್ಯಾಗ ಯಾವಾಕಿ ಮೂರು ದಿನ ರಜಾ ತಗೊಂಡಾಳ, ಹೇಳ್ರಿ ನೋಡೂಣು!" ಯಾರೋ ಒಬ್ಬಾಕೆ ಸೆರಗಿನಲ್ಲಿ ನಕ್ಕಳು.

ಆ ಮಾತನ್ನು ಇಂದಿಗೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅಂದಿನಿಂದ ನಾನು ಹೊರಗೆ ಕೂತಿಲ್ಲ. ಊರೊಳಗೇ ಎರಡು ಓಣಿ ಆಚೆಗೆ ಮದುವೆಯಾಗಿ ಹೋದೆ, ಅಲ್ಲಿಯೂ ಕೂರಲಿಲ್ಲ. ಮೊದಮೊದಲು ಗೊಣಗಿದ ನಮ್ಮತ್ತೆ ಸುಗ್ಗಿಯಲ್ಲಿ ಎರಡು ಕೈ ಹೆಚ್ಚು ಸಿಕ್ಕಾಗ ಸುಮ್ಮನಾದಳು. ನನ್ನನ್ನು ನೋಡಿ ಇನ್ನೂ ನಾಲ್ಕು ಜನ ಹಿತ್ತಿಲ ಕಟ್ಟೆಯಿಂದ ಎದ್ದರು. ಶಾಲೆಯ ಅಕ್ಕೋರು ಒಮ್ಮೆ ಕರೆಸಿ ಚಹಾ ಕೊಟ್ಟು, "ನೀವು ಧೈರ್ಯವಂತರು" ಎಂದರು. ಆ ಚಹಾವನ್ನು ಮಾತ್ರ ಅರ್ಧಕ್ಕೇ ಇಟ್ಟು ಎದ್ದು ಬಂದೆ. ನಾನು ಕೂಗಿ ಹೇಳಿದ್ದೆಲ್ಲ ನಿಜ. ನಿಜವನ್ನೇ ಬಣ್ಣದ ಹಾಗೆ ಬಳಿದು ಇನ್ನೊಂದನ್ನು ಮುಚ್ಚಿದ್ದೆ. ಸುಳ್ಳಿನ ಬಣ್ಣವಾಗಿದ್ದರೆ ಎರಡು ಮಳೆಗೆ ಎದ್ದುಹೋಗುತ್ತಿತ್ತು. ನಿಜದ ಬಣ್ಣ ಏಳುವುದಿಲ್ಲ ನೋಡಿ.

ಅಣ್ಣ ನನ್ನ ಪಕ್ಷ ವಹಿಸಿದ. ತಾಯಿಯಂತೆ ಸಾಕಿದವಳೊಡನೆ ಮಾತು ಬಿಟ್ಟ. ಅತ್ತಿ ಮುನಿಸಿಕೊಂಡು ಹಿರೇಕೆರೂರಿನ ಮಗಳ ಮನೆಗೆ ಹೋಗಿಬಿಟ್ಟಳು. "ನನ್ನ ತಂಗಿ ಮಾಡಿದ ಕೆಲಸ ನಾ ಅಂಗೈಯಿಂದ ಮುಟ್ಟಿ ನೋಡೇನಿ" ಎಂದು ಅವನು ಕೇಳಿದವರಿಗೆಲ್ಲ ಹೇಳುತ್ತಿದ್ದ. ಹಾಗಾದರೆ ಬೋಗುಣಿ ಹರಿದದ್ದೇಕೆ? ಅದಕ್ಕೂ ಉತ್ತರ ಹುಡುಕಿಕೊಂಡ. ಹರಿದ ಮೂಲೆಯನ್ನು ತಾಸುಗಟ್ಟಲೆ ನೋಡಿ, ಕೊಂಡಿಯ ನಟ್ಟನ್ನು ತಾನೇ ಅತಿಯಾಗಿ ಬಿಗಿದು ಕಬ್ಬಿಣ ಸೀಳಿರಬೇಕು, ಆ ಸೀಳಿಗೆ ನೀರು ಇಳಿದಿರಬೇಕು ಎಂದು ತೀರ್ಮಾನಿಸಿದ. ನಾನು ಅಷ್ಟು ಚೊಕ್ಕಟವಾಗಿ ಕೆರೆದಿಟ್ಟ ಮೇಲೆ ಅವನಿಗೆ ಬೇರೆ ಏನು ಕಾಣಬೇಕು? ಯಂತ್ರವನ್ನು ಗುಜರಿಗೆ ಹಾಕಿದ. ಎರಡು ಕುರಿ ಕಟ್ಟಿದ. ಮನೆಯ ಬಾವಿಯ ರಾಟೆ ಕಿರುಗುಟ್ಟಿದರೂ ಬೇರೆಯವರನ್ನು ಕರೆಯುತ್ತಿದ್ದ. ಸದ್ದು ಕೇಳಿಯೇ ನಟ್ಟು ಗುರುತಿಸುತ್ತಿದ್ದವನು! ಕಾಲು ಹೋದದ್ದಕ್ಕಿಂತ ಇದು ನನ್ನನ್ನು ಹೆಚ್ಚು ತಿಂದಿತು. ಅವನ ಕೈಯ ಮೇಲೆ ಅವನಿಗಿದ್ದ ನಂಬಿಕೆಯನ್ನು ನಾನು ಕಿತ್ತುಕೊಂಡು ಕೂತಿದ್ದೆ, ನನ್ನೊಂದು ಮಾತಿನಿಂದ ಅದು ವಾಪಸು ಹೋಗುತ್ತಿತ್ತು, ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ಕಟ್ಟೆಯ ಮುಂದೆ ಅಷ್ಟು ದೊಡ್ಡದಾಗಿ ತೆರೆದ ಬಾಯಿ ಅದು! ಒಪ್ಪಿಕೊಂಡರೆ ಓಣಿಯೆಲ್ಲ "ನೋಡಿದ್ರೇನು, ಆಕಿಯಿಂದನ ಆತು" ಎನ್ನುತ್ತದೆ, ನನ್ನ ಹಿಂದೆ ಎದ್ದು ನಿಂತ ನಾಲ್ಕು ಜನ ಮತ್ತೆ ಹಿತ್ತಿಲಿಗೆ ಹೋಗುತ್ತಾರೆ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಳ್ಳುತ್ತಿದ್ದೆ. ಹೀಗೆ ಐದು ವರ್ಷ.

ಈ ಸಲದ ಪಂಚಮಿಗೆ ನಾನು ತವರಿಗೆ ಹೋಗಿದ್ದೆ. ಎರಡು ಓಣಿಯ ದಾರಿಯಾದರೂ ತವರು ತವರೇ. ಐದು ವರ್ಷ ಬಾರದ ಅತ್ತಿಯೂ ಹಿರೇಕೆರೂರಿನಿಂದ ಉಂಡಿಯ ಗಂಟು ಹಿಡಿದು ಬಂದಿದ್ದಳು. ವಯಸ್ಸು ಮುನಿಸನ್ನು ಸೋಲಿಸಿತ್ತು. ಅಣ್ಣ ಮಾತಾಡಲಿಲ್ಲ, ಆದರೆ ಕೂರಲು ಕಂಬಳಿ ಹಾಸಿದ. ಆ ಹೊತ್ತಿಗೆ ಹಾನಗಲ್ಲಿನ ಗೌಡರೊಬ್ಬರು ಅವನನ್ನು ಹುಡುಕಿಕೊಂಡು ಬಂದರು. ಭತ್ತದ ಗದ್ದೆಗೆಂದು ದೊಡ್ಡ ಟ್ರ್ಯಾಕ್ಟರ್ ಕೊಂಡಿದ್ದರು.

"ಹೊಡಿಯಾಕ ಡ್ರೈವರ್ ಅದಾನ ಯಲ್ಲಪ್ಪಾ. ಅದನ್ನ ನೋಡಿಕೊಳ್ಳಾಕ ಒಬ್ಬ ಬಲ್ಲಾಂವ ಬೇಕು. ಕಾಲು ಕುಂಟಾದ್ರ ಏನಾತು, ಕೈ ನೆಟ್ಟಗ ಅದಾವಲ್ಲ?"

"ಕೈನ ನೆಟ್ಟಗಿಲ್ರೀ ಗೌಡ್ರ," ಎಂದ ಅಣ್ಣ, ನೆಲ ನೋಡುತ್ತಾ. "ನಟ್ಟು ಬಿಗಿಯಾಕ ಹೋಗಿ ಕಬ್ಬಿಣಾನ ಸೀಳಿದಾಂವ ನಾ. ಇನ್ನೊಬ್ಬರ ಯಂತ್ರ ಮುಟ್ಟಾಕ ಹೆದರಿಕಿ ಬರ್ತೈತ್ರಿ. ಬ್ಯಾರೆ ಯಾರನ್ನರ ನೋಡ್ರಿ."

"ಕೈ ಏನ್ ಮಾಡ್ತಾವ್ರೀ ಪಾಪ," ಎಂದು ಅತ್ತಿ ಮೂಲೆಯಿಂದ ಶುರು ಮಾಡಿದಳು, "ಮೈಲಿಗಿ ಆಗಿದ್ದಕ್ಕ..."

"ಅತ್ತೀ, ನೀ ಸುಮ್ಕಿರು!" ಎಂದೆ. ಉಂಡಿ ಕಟ್ಟುತ್ತಿದ್ದವಳು ಎದ್ದು ಪಡಸಾಲೆಯ ನಡುವೆ ಬಂದು ನಿಂತಿದ್ದೆ. "ನಿನ್ನ ಮಾತು ಅಂದೂ ಸುಳ್ಳು, ಇಂದೂ ಸುಳ್ಳು. ಮೂರು ದಿನ ಏನು, ಮೂವತ್ತು ದಿನ ಮುಟ್ಟಿದ್ರೂ ಏನೂ ಆಗ್ತಿರಲಿಲ್ಲ, ಕೆರದಿದ್ರ."

ಗೌಡರು ಪೇಟ ಸರಿಪಡಿಸಿಕೊಂಡರು. ಅತ್ತಿ ಉಂಡಿಯ ಗಂಟನ್ನು ತನ್ನ ಕಡೆ ಎಳೆದುಕೊಂಡಳು. ಅವಳಲ್ಲಿ ನಾನು ಕ್ಷಮೆ ಕೇಳಲಿಲ್ಲ. ಸಾಕಿದ್ದಕ್ಕೆ ಋಣಿ, ಅವಳ ಮಾತಿಗಲ್ಲ. ಅಣ್ಣ ಮಾತ್ರ ತಲೆಯೆತ್ತಿ "ಕೆರದಿದ್ರ" ಎಂಬ ಶಬ್ದದ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದ. ಆಮೇಲೆ ಅವನು ನನಗೆ ಏನೆಂದ ಎಂಬುದು ಅವನ ಸ್ವತ್ತು, ಇಲ್ಲಿ ಬರೆಯುವುದಿಲ್ಲ. ಮರುವಾರ ಹಾನಗಲ್ಲಿನ ಬಸ್ಸು ಹತ್ತಿದ, ಇನ್ನೂ ಅಲ್ಲಿಯೇ ಇದ್ದಾನೆ ಎಂಬಷ್ಟು ಸಾಕು. ನಾನು ಅಂದದ್ದನ್ನು ಮಾತ್ರ, ಅಂದ ಹಾಗೆಯೇ, ಬರೆದಿಡುತ್ತೇನೆ.

"ಅಣ್ಣಾ, ನಿನ್ನ ನಟ್ಟು ಸರಿ ಇತ್ತು. ನಾ ಮೂಲಿ ಕೆರೀಲಿಲ್ಲ. ನೆಲಾ ಸಾರಿಸಿದಂಗ ಸಾರಿಸಿ ಮ್ಯಾಲೆ ಬಣ್ಣ ಬಳದೆ. ಮುರದ ಮ್ಯಾಲೆ ಕದ್ದು ಕೆರದು, ಐದು ವರ್ಷ ನಿನ್ನ ಮುಂದ ಸುಮ್ನ ಕುಂತೆ. ನಿನ್ನ ಕೈದು ಏನೂ ತಪ್ಪಿಲ್ಲ. ನಂದು ತಪ್ಪಾತು, ಅಣ್ಣಾ."